ಮಾಂಗಾ ಗಾಡಿಯ ಸಣ್ಣ ಪಿನ್ನು

"ಈ ಮನುಷ್ಯ ಬದುಕಿದ್ದಿದ್ರೆ ನಾನೇ ಕೊಂದಾಕ್ತಿದ್ದೆ!"

ಸ್ಕ್ರೂಡ್ರೈವರನ್ನು ನೆಲಕ್ಕೆ ಕುಕ್ಕಿ ಮುನಿಲಕ್ಷ್ಮಿ ಹಾಗಂದದ್ದು ಶೆಡ್ಡಿನಾಚೆಯ ರಸ್ತೆಗೂ ಕೇಳಿಸಿರಬೇಕು. ಸಾವಿನ ಕೇಸು ತಲೆಯ ಮೇಲಿರುವ ಮನೆಯವರು ಆಡುವ ಮಾತಲ್ಲ ಅದು. ಆಡಿದ ಮೇಲೆ ನಾಲಗೆ ಕಚ್ಚಿಕೊಂಡು ಬಾಗಿಲ ಕಡೆ ನೋಡಿದಳು. ಪುಣ್ಯಕ್ಕೆ ಅಲ್ಲಿ ನಿಂತಿದ್ದದ್ದು ಒಂದು ಕೋಳಿ ಮಾತ್ರ.

ಅವಳು ಕೊಲ್ಲಹೊರಟ ನಾರಪ್ಪ ಆಗಲೇ ಸತ್ತಾಗಿತ್ತು. ಸೇಲಂನ ಮಗ್ಗದ ಬೀದಿಯ ಆ ಮುದುಕ ತನ್ನ ಕೈಯಾರೆ ಕಟ್ಟಿದ ಪುಟ್ಟ ಮಲಗುವ ಗಾಡಿಯನ್ನು ಜೀಪಿನ ಹಿಂದೆ ಕಟ್ಟಿಸಿಕೊಂಡು ಹೊಗೇನಕಲ್ಲಿಗೆ ಹೊರಟಿದ್ದ. ಗಾಡಿಯೊಳಗೇ ನಿದ್ದೆ ಹೋಗಿದ್ದಾಗ ತೊಪ್ಪೂರು ಘಾಟಿಯ ಏರಿನಲ್ಲಿ ಅದು ಜೀಪಿನಿಂದ ಕಳಚಿ, ಹಿಂದಕ್ಕುರುಳಿ, ತಡೆಗೋಡೆಗೆ ಬಡಿದು ಮಗುಚಿತು. ಕೊಂಡಿಯ ವೆಲ್ಡಿಂಗ್ ಬಿಟ್ಟುಹೋಯಿತೆಂದು ಪೊಲೀಸರು ಬರೆದರು. ಆ ವೆಲ್ಡಿಂಗ್ ಹೊಡೆದವನು ಮುನಿಲಕ್ಷ್ಮಿಯ ಗಂಡ ಮಾದೇಶ್.

ಅವನೀಗ ಜಾಮೀನಿನ ಮೇಲಿದ್ದ. ದಿನಾ ಬೆಳಿಗ್ಗೆ ಸ್ಟೇಷನ್ನಿಗೆ ಹೋಗಿ ರುಜು ಹಾಕಿ ಬರುತ್ತಿದ್ದ. ಪಾಪಿರೆಡ್ಡಿಪಟ್ಟಿಯ ಈ ಶೆಡ್ಡಿಗೆ ಅಲ್ಲಿಂದೀಚೆಗೆ ಒಂದು ನೇಗಿಲ ಗುಳವೂ ರಿಪೇರಿಗೆ ಬಂದಿರಲಿಲ್ಲ. ಅವನು ಹೊಡೆದ ಬೆಸುಗೆಗೆ ಊರೇ ಹೆದರುತ್ತಿತ್ತು.

ಗಾಡಿಯನ್ನು ಕೋರ್ಟಿನಿಂದ ಬಿಡಿಸಿಕೊಂಡವನು ನಾರಪ್ಪನ ಅಕ್ಕನ ಮಗ ಶಿವಲಿಂಗಂ. ಆವತ್ತು ಜೀಪು ಓಡಿಸುತ್ತಿದ್ದವನೂ ಅವನೇ. ಬಿಡಿಸಿಕೊಂಡ ವಾರಕ್ಕೇ ಸದ್ದಿಲ್ಲದೆ ಮೊರಪ್ಪೂರಿನ ಗುಜರಿಗೆ ತಳ್ಳಿದ್ದ. ಮುನಿಲಕ್ಷ್ಮಿ ಅಲ್ಲಿಂದ ಎತ್ತಿಸಿಕೊಂಡು ಬಂದಳು. ಅದನ್ನು ಮೊದಲಿದ್ದ ಹಾಗೆ ನಿಲ್ಲಿಸಬೇಕು, ಮಾದೇಶನ ಕೈಯಿಂದಲೇ ಕೊಂಡಿ ಬೆಸೆಯಿಸಬೇಕು, ಅದೇ ಘಾಟಿ ಹತ್ತಿಸಿ ಊರ ಬಾಯಿ ಮುಚ್ಚಿಸಬೇಕು. ಇದು ಅವಳ ಹಟ.

ಗಾಡಿ ಅವಳಿಗಿಂತ ಹಟಮಾರಿ.

ಪಟ್ಟೆ ಸೀರೆಯ ಸೆರಗಿನಲ್ಲಿ ಬರುವ ಮಾವಿನಕಾಯಿ ಬುಟ್ಟಾವನ್ನೇ ದೊಡ್ಡದು ಮಾಡಿ ಬರೆದಂಥ ಆಕಾರ: ಮುಂದೆ ಗುಂಡಗೆ, ಹಿಂದಕ್ಕೆ ಇಳಿಯುತ್ತ ಇಳಿಯುತ್ತ ಚೂಪು. ಅದಕ್ಕೇ ಬೀದಿಯವರು ಇದನ್ನು ಮಾಂಗಾ ಗಾಡಿ ಅನ್ನುತ್ತಿದ್ದರಂತೆ. ನೋಡಲು ಮುದ್ದು. ಬಿಚ್ಚಲು ಹೋದರೆ ಏಳು ಜನ್ಮದ ಕರ್ಮ.

ಪಕ್ಕೆಲುಬುಗಳೆಲ್ಲ ಹಳೆಯ ಮಗ್ಗದ ಮರ. ಹೊರಗಿನ ಅಲ್ಯೂಮಿನಿಯಂ ತಗಡಿಗೂ ಒಳಗಿನ ಪ್ಲೈವುಡ್ಡಿಗೂ ನಡುವೆ, ಬಿಸಿಲು ತಡೆಯಲೆಂದು ನಾರಪ್ಪ ಮೂಟೆಗಟ್ಟಲೆ ನೂಲಿನ ಕಸ ತುರುಕಿದ್ದ. ಮಳೆನೀರು ಕುಡಿದು ಅದು ಸತ್ತ ಇಲಿಯ ವಾಸನೆ ಹೊಡೆಯುತ್ತಿತ್ತು. ಕಿಟಕಿ ಯಾವುದೋ ಟೌನ್ ಬಸ್ಸಿನದು, ಹಿಂದಿನ ದೀಪ ಮೊಪೆಡ್ಡಿನದು. ಸ್ಕ್ರೂಗಳಂತೂ ಒಂದರ ಮುಖ ಕಂಡರೆ ಇನ್ನೊಂದಕ್ಕಾಗುವುದಿಲ್ಲ. ಒಂದಕ್ಕೆ ಚಪ್ಪಟೆ ಸ್ಕ್ರೂಡ್ರೈವರ್, ಪಕ್ಕದ್ದಕ್ಕೆ ನಕ್ಷತ್ರದ್ದು, ಅದರ ಪಕ್ಕದ್ದು ಸ್ಕ್ರೂವೇ ಅಲ್ಲ, ತಲೆ ಮುರಿದ ಮೊಳೆ. ನೀರು ಸೋರಿದ ಕಡೆಯೆಲ್ಲ ಎಂಸೀಲ್ ಮೆತ್ತಿದ್ದ. ಎಂಸೀಲ್ ಸೋರಿದ ಕಡೆ ಮೇಣ. ಮೇಣ ಕರಗಿದ ಕಡೆ ದೇವರ ಪಟ.

"ಮಾದೇಸಾ, ಬಂದು ಒಂದ್ ಕೈ ಹಾಕಬಾರದಾ?"

ಶೆಡ್ಡಿನ ಆ ಮೂಲೆಯಲ್ಲಿ ಮಾದೇಶ್ ಹೊಸ ಪಲಗೆಯೊಂದನ್ನು ನುಣುಪು ಮಾಡಲು ಉಪ್ಪುಕಾಗದ ಹಿಡಿದು ಕೂತಿದ್ದ. ತಲೆಯೆತ್ತಲಿಲ್ಲ. "ಉಜ್ತಾ ಇವ್ನಲ್ಲ."

"ಬೆಳಿಗ್ಗೆಯಿಂದ ಅದೊಂದೇ ಪಲಗೆ ಉಜ್ತಾ ಇದ್ದೀಯ. ಇನ್ನೊಂಚೂರು ಉಜ್ಜಿದ್ರೆ ಎಣ್ಣೆಗಾಕಿ ಕರೀಬೋದು, ಅಪ್ಪಳ ಆಗ್ತೈತೆ."

ಅವನು ನಗಲಿಲ್ಲ. ಸರ್ ಸರ್ ಅನ್ನುವ ಸದ್ದು ಮುಂದುವರಿಯಿತು.

ಗಂಡಸರ ಮೌನಕ್ಕೆ ಯಾವ ಸ್ಪ್ಯಾನರೂ ಹತ್ತುವುದಿಲ್ಲವೆಂದುಕೊಂಡು ಮುನಿಲಕ್ಷ್ಮಿ ಹಾರೆ ಎತ್ತಿಕೊಂಡು ಗಾಡಿಯ ಹಿಂಬದಿಗೆ ಹೋದಳು. ಚೂಪಾಗುವ ಆ ತುದಿಯಲ್ಲಿ ಮೇಲಕ್ಕೆತ್ತುವ ಮುಚ್ಚಳವಿತ್ತು. ಅದರ ಕೆಳಗೆ ನಾರಪ್ಪನ ಅಡುಗೆ ಗೂಡು. ಮಗುಚಿದ ಪೆಟ್ಟಿಗೆ ಮುಚ್ಚಳ ಸೊಟ್ಟಗಾಗಿ ಕಚ್ಚಿಕೊಂಡುಬಿಟ್ಟಿತ್ತು. ಪೊಲೀಸರು ಒಂದು ಸಲ ಎಳೆದು ನೋಡಿ ಬಿಟ್ಟಿದ್ದರು. ಗುಜರಿಯವನು ಅಷ್ಟೂ ಮಾಡಿರಲಿಲ್ಲ.

ಸಂದಿಗೆ ಹಾರೆ ಕೊಟ್ಟು ಮೈಭಾರವೆಲ್ಲ ಹಾಕಿದಳು. ಒಂದು ಸಲ. ಇನ್ನೊಂದು ಸಲ. ಮೂರನೆಯ ಸಲ ಬೈದುಕೊಂಡು.

ಮುಚ್ಚಳ ಕಿರ್ರೆಂದು ತೆರೆದುಕೊಂಡಿತು.

ಒಳಗೆ ಒಂದು ಸ್ಟವ್ವು, ನಗ್ಗಿದ ಲೋಟಗಳು, ಒಡೆದ ಉಪ್ಪಿನಕಾಯಿ ಭರಣಿ. ಅದರ ಹಿಂದೆ ಒಂದು ಬಿಸ್ಕತ್ತಿನ ತಗಡಿನ ಡಬ್ಬಿ. ಡಬ್ಬಿಯ ಮುಚ್ಚಳ ಬಿಗಿಯಾಗಿಯೇ ಇತ್ತು. ತೆಗೆದರೆ ನಾರಪ್ಪನ ಸಾಮಾನುಗಳು: ಸುತ್ತಿಗೆ, ಇಕ್ಕಳ, ಸ್ಪ್ಯಾನರುಗಳು, ಒಂದು ಗರಗಸದ ಅಲಗು. ಎಲ್ಲವೂ ಹುಣಸೆಹಣ್ಣು ಹಾಕಿ ತಿಕ್ಕಿದ ಪೂಜೆ ಪಾತ್ರೆಯಂತೆ ಥಳಥಳ. ಎಲ್ಲದರ ಮೇಲೂ ಒಣಗಿದ ಗಂಧದ ಬೊಟ್ಟು, ಅದರ ನಡುವೆ ಕುಂಕುಮ.

ಮುನಿಲಕ್ಷ್ಮಿಗೆ ನಗು ಬಂತು. ನಾರಪ್ಪ ಸತ್ತದ್ದು ಆಯುಧಪೂಜೆಯ ಮಾರನೆಯ ದಿನ. ಅವನ ಅಕ್ಕ ಚೆಲ್ಲಮ್ಮ ಆ ಮನೆಯ ಹಿರಿಯಳು. ಪೂಜೆಯ ದಿನ ಅವಳ ಕೈಗೆ ಗಂಧದ ಬಟ್ಟಲು ಸಿಕ್ಕಿದರೆ ಕಬ್ಬಿಣವೆನ್ನುವುದು ಯಾವುದೂ ಪಾರಾಗುವುದಿಲ್ಲವೆಂದು ಬೀದಿಯಲ್ಲೇ ಮಾತಿತ್ತು. ಇಲ್ಲಿ ಸೋಡಾ ಬಾಟಲಿ ತೆಗೆಯುವ ಕೀಲಿಗೂ ಬೊಟ್ಟು ಬಿದ್ದಿತ್ತು.

ನಗುತ್ತಲೇ ಡಬ್ಬಿಯ ತಳಕ್ಕೆ ಕೈ ಹಾಕಿದಳು. ಕಿರುಬೆರಳಿನಷ್ಟು ಉದ್ದದ ಒಂದು ಕಬ್ಬಿಣ ಬೆರಳಿಗೆ ಸಿಕ್ಕಿತು.

ನಗು ಅಲ್ಲೇ ನಿಂತಿತು.

ಟ್ರಾಕ್ಟರಿನ ಹಿಂದೆ ಟ್ರೈಲರ್ ಕಟ್ಟಿ ಬೆಳೆದ ಊರಿನ ಹೆಂಗಸಿಗೆ ಅದೇನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಜೀಪಿನ ಕೊಕ್ಕೆಗೂ ಗಾಡಿಯ ಕೊಂಡಿಗೂ ಸೇರಿಸಿ ಒಂದು ದೊಡ್ಡ ಪಿನ್ನು ಇಳಿಸುತ್ತಾರೆ. ಅದು ಕುಲುಕಾಟಕ್ಕೆ ಮೇಲೆದ್ದು ಬರಬಾರದೆಂದು ಅದರ ಬುಡದ ತೂತಿಗೆ ಇಷ್ಟೇ ಇಷ್ಟಿರುವ ಸಣ್ಣ ಪಿನ್ನು ಚುಚ್ಚುತ್ತಾರೆ. ಸಣ್ಣದಿಲ್ಲದೆ ಹೊರಟರೆ ದೊಡ್ಡದು ಪ್ರತಿ ಗುಂಡಿಗೂ ಒಂದೊಂದು ಎಳೆ ಮೇಲೇಳುತ್ತ, ಯಾವುದೋ ಒಂದು ಏರಿನಲ್ಲಿ ಹಾರಿಬೀಳುತ್ತದೆ.

ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ಬೆಟ್ಟದಂಥ ರಾಕ್ಷಸನ ಪ್ರಾಣ ಏಳು ಕಡಲಾಚೆಯ ಒಂದು ಗಿಣಿಯೊಳಗಿರುತ್ತಿತ್ತು. ಈ ಇಡೀ ಗಾಡಿಯ ಪ್ರಾಣ, ನಾರಪ್ಪನ ಪ್ರಾಣ, ಈ ಕಬ್ಬಿಣದ ಕಡ್ಡಿಯೊಳಗಿತ್ತು. ಅದು ಇರಬೇಕಾದ ಜಾಗದಲ್ಲಿರದೆ ಬಿಸ್ಕತ್ತಿನ ಡಬ್ಬಿಯಲ್ಲಿತ್ತು. ಸೊಟ್ಟಗಾಗದೆ, ಮುರಿಯದೆ.

ಅದರ ಮೇಲೂ ಕುಂಕುಮ.

"ಮಾದೇಸಾ! ಇಲ್ ನೋಡು! ಪೂಜೆಗೆ ಅಂತ ಪಿನ್ ಬಿಚ್ಚವ್ರೆ, ತಿರುಗಿ ಆಕದೇ ಮರ್ತವ್ರೆ! ನಿನ್ ವೆಲ್ಡಿಂಗ್ ಬಿಟ್ಟಿದ್ದಲ್ಲ, ಪಿನ್ನೇ ಇರಲಿಲ್ಲ! ಗೋಡೆಗೆ ಬಡಿದ ಮೇಲೆ ಕೊಂಡಿ ಮುರಿದೈತೆ, ಅಷ್ಟೆ!"

ಸರ್ ಸರ್ ಸದ್ದು ಒಂದು ಉಸಿರಿನಷ್ಟು ಹೊತ್ತು ನಿಂತಿತು. ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

"ಕೇಳಿಸ್ತಾ? ನೀನ್ ಬಚಾವಾದೆ!"

"ಕೇಳಿಸ್ತು."

"ಒಂದ್ ನಗು ಬರಲ್ವಾ ನಿಂಗೆ? ನಗೋಕೂ ಸ್ಟೇಷನ್ನಿಗೋಗಿ ರುಜು ಆಕ್ಬೇಕಾ?"

ಇನ್ನು ಇವನ ಜೊತೆ ಹೊಡೆದಾಡಿ ಫಲವಿಲ್ಲ. ಅವಳು ಫೋನೆತ್ತಿ ಕೇಸಿನ ಸಬ್ ಇನ್ಸ್‌ಪೆಕ್ಟರ್ ಜಯಪ್ರಿಯಾಗೆ ಹಚ್ಚಿದಳು. "ಮೇಡಂ, ಒರು ಸಾಮಾನ್ ಕಿಡೈಚ್ಚಿರುಕ್ಕು. ನೀಂಗಳೇ ವಂದು ಪಾರುಂಗ." ಒಂದು ಸಾಮಾನು ಸಿಕ್ಕಿದೆ, ನೀವೇ ಬಂದು ನೋಡಿ ಎಂದದ್ದಕ್ಕೆ ಆ ಕಡೆಯಿಂದ "ವರೇನ್" ಅಂತ ಒಂದೇ ಮಾತು ಬಂತು. ಬರುತ್ತೇನೆ.

ಆದರೆ ಇನ್ಸ್‌ಪೆಕ್ಟರಮ್ಮನಿಗಿಂತ ಮೊದಲು ಶೆಡ್ಡಿನ ಮುಂದೆ ನಿಂತದ್ದು ಒಂದು ಆಟೋ.

ಇಳಿದವನು ಶಿವಲಿಂಗಂ. ಐವತ್ತರ ಗಂಡಸು, ಇಸ್ತ್ರಿ ಅಂಗಿ, ಮುಖದಲ್ಲಿ ಜಗಳ. ಅವನ ಹಿಂದೆ ಆಟೋದ ಕಂಬಿ ಹಿಡಿದು ನಿಧಾನಕ್ಕೆ ಇಳಿದವಳು ಅವನ ತಾಯಿ ಚೆಲ್ಲಮ್ಮ. ಹೋದ ವರ್ಷ ಮುನಿಲಕ್ಷ್ಮಿ ನೋಡಿದ್ದಾಗ ತುಂಬಿದ ಕೈಕಾಲಿನ ಹೆಂಗಸು. ಈಗ ಸೀರೆಯೊಳಗೆ ಹುಡುಕಬೇಕಾಗಿತ್ತು.

"ಯಾರ ಪರ್ಮಿಷನ್ ತಕಂಡು ಈ ಗಾಡಿ ಬಿಚ್ತಾ ಇದ್ದೀಯಮ್ಮಾ?"

"ಗುಜರಿಗಾಕೋವಾಗ ನೀವ್ ಯಾರ ಪರ್ಮಿಷನ್ ತಕಂಡ್ರಿ ಶಿವಲಿಂಗಣ್ಣಾ? ಕೋರ್ಟಿಂದಾ?"

ಅವನು ತಡವರಿಸಿದ. "ಅಮ್ಮಂಗೆ ಅದನ್ನ ನೋಡಕ್ಕಾಗ್ತಾ ಇರಲಿಲ್ಲ. ದಿನಾ ಮನೆ ಬಾಗಿಲಲ್ಲೇ ನಿಂತಿರ್ತಿತ್ತು."

"ನೋಡಕ್ಕಾಗದವರನ್ನ ಇಲ್ಲಿಗ್ಯಾಕೆ ಕರ್ಕೊಂಡ್ ಬಂದ್ರಿ?"

"ಗುಜರಿಯವ್ನು ಬಾಯ್ಬಿಟ್ಟ. ಅವಳೇ ಅಡಂ ಪಿಡಿಚ್ಚು ಬಂದ್ಲು. ನಾನೇನ್ ಮಾಡ್ಲಿ?"

ಹಟ ಹಿಡಿದು ಬಂದವಳು ಇಬ್ಬರ ಜಗಳವನ್ನೂ ಕೇಳಿಸಿಕೊಳ್ಳದೆ ನೇರ ಗಾಡಿಯ ಹತ್ತಿರ ಹೋಗಿದ್ದಳು. ಬಾಗಿಲೊಳಗೆ ತಲೆ ಹಾಕಿ, ಒಳ ಚಾವಣಿಗೆ ಹೊಡೆದಿದ್ದ ರೇಷ್ಮೆಯನ್ನು ಅಂಗೈಯಲ್ಲಿ ಸವರಿದಳು.

"ಇದು ನಾನ್ ನೇಯ್ದ ಸೀರೆ. ಬಾರ್ಡರ್ ತಪ್ಪೋಗಿತ್ತು, ಯಾರೂ ತಕಳ್ಳಿಲ್ಲ. 'ಕೊಡಕ್ಕಾ, ನಾನ್ ಮಲಗಿಕೊಂಡು ನೋಡ್ತೀನಿ' ಅಂದ." ಅವಳು ತಿರುಗಿದಳು. "ಇದನ್ನ ಕಿತ್ತಾಕ್ಬೇಡ ಕಣ್ಣೂ."

"ಕೀಳಲ್ಲ ಅಜ್ಜಿ. ಎಲ್ಲಾ ಇದ್ದಂಗೇ ಮಾಡ್ತೀನಿ." ಮುನಿಲಕ್ಷ್ಮಿಯ ಸಿಟ್ಟು ಸ್ವಲ್ಪ ಸಡಿಲವಾಗಿತ್ತು, ಆದರೂ ಕೇಳಬೇಕಾದದ್ದನ್ನು ಕೇಳದಿರಲು ಆಗಲಿಲ್ಲ. ಸೆರಗಿನ ತುದಿಯಲ್ಲಿ ಹಿಡಿದಿದ್ದ ಪಿನ್ನನ್ನು ಮುಂದೆ ಚಾಚಿದಳು. "ಈ ಕುಂಕುಮ ಯಾರಿಟ್ಟಿದ್ದು?"

ಚೆಲ್ಲಮ್ಮ ನೋಡಿದಳು. ಅಲ್ಲೇ ಒರಗಿಸಿದ್ದ ಟೈರಿನ ಮೇಲೆ ಕುಸಿದು ಕೂತಳು.

"ನಾನೇ. ನಾನೇ ಕೊಂದೆ ನನ್ ತಮ್ಮನ್ನ."

"ಅಮ್ಮಾ, ಸುಮ್ನಿರು!" ಶಿವಲಿಂಗಂ ಕೂಗಿದ.

"ಎಷ್ಟ್ ದಿನ ಸುಮ್ನಿರ್ಲಿ? ಅಲ್ಲಿ ಉಜ್ತಾ ಕೂತವ್ನಲ್ಲ, ಅವ್ನ ಮುಖ ನೋಡು! ನನ್ ತಪ್ಪಿಗೆ ಅವನ್ಯಾಕೆ ಜೈಲಿಗೋಗ್ಬೇಕು?" ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಪೂಜೆಗೆ ಅಂತ ಎಲ್ಲಾ ಬಿಚ್ಚಿ ತಿಕ್ಕಿದೆ ಕಣ್ಣೂ. ಮಾರನೆ ದಿನ ಎಲ್ಲಾ ತಿರುಗಿ ಆಕ್ದೆ. ಇದ್ನೂ ಆಕ್ದಂಗೇ ನೆಪ್ಪು ನಂಗೆ. ಆದ್ರೆ ಶಿವಲಿಂಗು ಅಂತಾನೆ, ಇಲ್ಲಮ್ಮಾ, ನೀನ್ ಮರ್ತೆ ಅಂತ. ವಯಸ್ಸಾಯ್ತಲ್ಲ. ಮರ್ತೇ ಇರ್ತೀನಿ."

"ಆಯ್ತಾ? ತೃಪ್ತಿಯಾ?" ಶಿವಲಿಂಗಂ ಮುನಿಲಕ್ಷ್ಮಿಯ ಕಡೆ ತಿರುಗಿದ. "ಇದಕ್ಕೇ ನಾನು ಬಾಯ್ ಮುಚ್ಕೊಂಡಿದ್ದು. ಗಂಡನ್ನ ಬಿಡಿಸ್ಕೊಳ್ಳೋಕೆ ಈ ಮುದುಕೀನ ಸ್ಟೇಷನ್ನಿಗೆ ಕಳಿಸ್ತೀಯಾ? ಕಳ್ಸು!"

ಮುನಿಲಕ್ಷ್ಮಿಗೆ ಎಲ್ಲರ ಮೇಲೂ ಒಟ್ಟಿಗೇ ರೇಗಿತು. ಸತ್ತುಹೋದ ನಾರಪ್ಪನ ಮೇಲೆ, ತಪ್ಪೊಪ್ಪಿಕೊಂಡು ಕೂತ ಮುದುಕಿಯ ಮೇಲೆ, ತಾಯಿಯನ್ನು ಗುರಾಣಿಯಂತೆ ಹಿಡಿದು ನಿಂತ ಈ ಇಸ್ತ್ರಿ ಅಂಗಿಯ ಮೇಲೆ. ಬೇಕಾದದ್ದು ಸಿಕ್ಕಿತ್ತು. ಜಯಪ್ರಿಯಾ ಬಂದಾಗ ಚೆಲ್ಲಮ್ಮ ಇದೇ ಮಾತು ಇನ್ನೊಮ್ಮೆ ಹೇಳಿದರೆ ಸಾಕು, ಮಾದೇಶ್ ನಾಳೆಯಿಂದ ರುಜು ಹಾಕಲು ಹೋಗಬೇಕಾಗಿಲ್ಲ. ಇಷ್ಟು ವಯಸ್ಸಾದವಳನ್ನು ಮರೆತದ್ದಕ್ಕೆ ಯಾರು ಒಳಗೆ ಹಾಕುತ್ತಾರೆ?

ಸುಮ್ಮನಿದ್ದರಾಯಿತು.

ಆ ಯೋಚನೆಯಲ್ಲೇ ಹೆಬ್ಬೆರಳು ಪಿನ್ನಿನ ಮೇಲೆ ಆಡುತ್ತಿತ್ತು. ಜಾರಿತು.

ಬೆರಳು ನೋಡಿಕೊಂಡಳು. ಗ್ರೀಸು.

ಡಬ್ಬಿಯಿಂದ ಇಕ್ಕಳ ತೆಗೆದು ಸೆರಗಿಗೆ ಒರಸಿ ನೋಡಿದಳು. ಸೆರಗಿಗೆ ಕುಂಕುಮದ ಪುಡಿ ಹತ್ತಿತು, ಜಿಡ್ಡಿಲ್ಲ. ಸುತ್ತಿಗೆಗೂ ಇಲ್ಲ. ಸ್ಪ್ಯಾನರಿಗೂ ಇಲ್ಲ. ಹುಣಸೆಹಣ್ಣು ಕಂಡ ಕಬ್ಬಿಣಕ್ಕೆ ಜಿಡ್ಡೆಲ್ಲಿಂದ ಬರಬೇಕು? ಇದೊಂದಕ್ಕೆ ಮಾತ್ರ ಇತ್ತು. ಬಾಗಿಲ ಬೆಳಕಿಗೆ ಹಿಡಿದಳು. ಗಂಧ, ಅದರ ಮೇಲೆ ಕುಂಕುಮ, ಅದರ ಮೇಲೆ ಗ್ರೀಸು. ತೂತಿಗೆ ತೂರಿಸುವಾಗ ಉಜ್ಜಿದ ಗೆರೆಯೊಂದು ಬೊಟ್ಟನ್ನು ಸೀಳಿಕೊಂಡು ಹೋಗಿತ್ತು.

ಬಾಯಿ ಮುಚ್ಚು ಲಚ್ಚೀ, ಅಂತ ಒಳಗಿನಿಂದ ಯಾರೋ ಅಂದರು. ಆದರೆ ಟೈರಿನ ಮೇಲೆ ಕೂತ ಮುದುಕಿ ತನ್ನ ಎರಡು ಅಂಗೈಗಳನ್ನೂ ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡು, ಅವು ಬೇರೆ ಯಾರದೋ ಕೈಗಳೆಂಬಂತೆ ನೋಡುತ್ತಿದ್ದಳು.

"ಥೂ, ಅಳಬೇಡಿ ಅಜ್ಜಿ!" ಮುನಿಲಕ್ಷ್ಮಿಗೆ ತನ್ನ ಮೇಲೇ ಸಿಟ್ಟು ಬಂತು. "ನೀವ್ ಮರ್ತಿಲ್ಲ."

"ಏನಂದೆ?"

"ಇಲ್ ನೋಡಿ. ಕುಂಕುಮ ಕೆಳಗೈತೆ, ಗ್ರೀಸು ಮೇಲೈತೆ. ಪೂಜೆ ಆದ್ಮೇಲೆ ಇದು ಡಬ್ಬಿಯಲ್ಲೇ ಬಿದ್ದಿದ್ರೆ ಇಕ್ಕಳದಂಗೆ ಒಣಗಿರ್ಬೇಕಿತ್ತು. ದೊಡ್ಡ ಪಿನ್ನಿನ ತೂತಿಗೆ ಓಗಿ ಬಂದೈತೆ, ಅದಕ್ಕೇ ಜಿಡ್ಡಾಗೈತೆ. ನೀವು ಸರಿಯಾಗೇ ಆಕಿದ್ರಿ. ಆಕಿದ್ಮೇಲೆ ಯಾರೋ ತೆಗೆದವ್ರೆ."

ಚೆಲ್ಲಮ್ಮ ಪಿನ್ನನ್ನು ಇಸಕೊಂಡು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. ಮೂಸಿದಳು. ಆಮೇಲೆ ಗಾಡಿಯ ಚಕ್ರ ಹಿಡಿದುಕೊಂಡು ಎದ್ದು ನಿಂತಳು. ಆಟೋದಿಂದ ಇಳಿದಾಗ ಇರದಿದ್ದ ಒಂದು ನಿಲುವು ಅವಳ ಬೆನ್ನಿಗೆ ಬಂದಿತ್ತು.

"ಲೇ ಶಿವಲಿಂಗು."

"ಅಮ್ಮಾ..."

"ನಾನ್ ಮಗ್ಗ ಮುಟ್ಟೋದ್ ಬಿಟ್ಟೆ. ಕಾರ್ತಿಗೈ ದೀಪಕ್ಕೂ ಕುಂಕುಮದ ಬಟ್ಟಲು ಮುಟ್ಲಿಲ್ಲ. ಈ ಕೈಯಾಗೆ ಅನ್ನ ತಿನ್ನೋಕೂ ಇಷ್ಟ ಇಲ್ದಂಗಾಗಿತ್ತು. ನೀನ್ ದಿನಾ ಪಕ್ಕದಲ್ ಕೂತು 'ಓಗ್ಲಿ ಬಿಡಮ್ಮಾ, ವಯಸ್ಸಾದ್ಮೇಲೆ ಮರ್ತೋಗತ್ತೆ' ಅಂತಿದ್ದೆ. ನಾನ್ ಕೊಂದೆ ಅಂತ ನನ್ನನ್ನೇ ನಂಬ್ಸಿದೆ. ಜೀಪ್ ಓಡಿಸ್ದವ್ನು ನೀನು. ಏಳ್ಲಾ, ತೆಗ್ದವ್ರು ಯಾರು?"

ಮುನಿಲಕ್ಷ್ಮಿ ಶಿವಲಿಂಗಂನ ಮುಖವನ್ನೇ ನೋಡುತ್ತಿದ್ದಳು. ಸಿಕ್ಕಿಬಿದ್ದವನ ಹೆದರಿಕೆ ಬರಬೇಕಿತ್ತು ಅಲ್ಲಿ. ಬರಲಿಲ್ಲ. ಬಂದದ್ದು ಬೇರೆ ಏನೋ. ತಲೆಯ ಮೇಲಿನ ಮೂಟೆಯನ್ನು ಯಾರೋ ಇಳಿಸಿಕೊಂಡಾಗ ಬರುತ್ತದಲ್ಲ, ಆ ನಿರಾಳ.

"ಸತ್ಯವಾಗ್ಲೂ ನೀನೇ ಮರ್ತೆ ಅಂದ್ಕೊಂಡಿದ್ದೆ ಅಮ್ಮಾ." ಅವನು ತಾಯಿಯ ಕೈ ಹಿಡಿದುಕೊಂಡ. "ಪಿನ್ನಿನ ಮಾತೆತ್ತಿದ್ರೆ ನಿನ್ ಹೆಸರು ಬರ್ತಿತ್ತು. ಅದಕ್ಕೇ ಪೊಲೀಸರತ್ರ ನಾನೇನೂ ಏಳಿಲ್ಲ. ನೋಡಿದ್ದನ್ನೂ ಏಳಿಲ್ಲ."

"ಏನ್ ನೋಡಿದ್ರಿ?" ಮುನಿಲಕ್ಷ್ಮಿ ಕೇಳಿದಳು.

"ತೊಪ್ಪೂರಲ್ಲಿ, ಏರು ಶುರುವಾಗೋ ಕಡೆ, ಟೀಗೆ ನಿಲ್ಲಿಸ್ದೆ. ಮಾವ ಗಾಡಿಯಲ್ಲೇ ಮಲಗಿದ್ರು. ನಾನ್ ಟೀ ತಕಂಡು ತಿರುಗಿದ್ರೆ ಜೀಪಿಗೂ ಗಾಡಿಗೂ ಮಧ್ಯೆ ಒಬ್ರು ಕುಕ್ಕರಗಾಲಲ್ಲಿ ಕೂತಿದ್ರು. ವೆಲ್ಡಿಂಗ್ ಹೊಡೆದೋರೇ ಅಲ್ವಾ, ತಮ್ ಕೆಲಸ ತಾವ್ ನೋಡ್ಕೊತಾವ್ರೆ ಅಂತ ಸುಮ್ನಾದೆ."

"ಯಾರು?"

"ಅದನ್ನ ನನ್ನ ಕೇಳ್ತೀಯಾ? ಅವತ್ತು ನಿನ್ ಗಂಡ ಎಲ್ಲಿದ್ದ ಅಂತ ಪೊಲೀಸಿಗೆ ಸಾಕ್ಷಿ ಏಳ್ದೋಳು ನೀನು."

ಹೇಳಿದ್ದಳು. ಮೊರಪ್ಪೂರು ರೈಲ್ವೆ ಸ್ಟೇಷನ್ನಿನಲ್ಲಿ ವೆಲ್ಡಿಂಗ್ ಕಡ್ಡಿಯ ಪಾರ್ಸಲ್ ಬಿಡಿಸಿಕೊಳ್ಳುತ್ತಿದ್ದ, ಸಂಜೆಯವರೆಗೂ ಅಲ್ಲೇ ಇದ್ದ ಅಂತ. ಮಾದೇಶ್ ಹೇಳಿದ್ದನ್ನೇ, ತಾನೇ ಕಣ್ಣಾರೆ ಕಂಡವಳ ಹಾಗೆ, ಬೈದಾಡಿಕೊಂಡು ಹೇಳಿದ್ದಳು.

ಆಗ ಅವಳಿಗೆ ತಿಳಿಯಿತು, ಶೆಡ್ಡಿನಲ್ಲಿ ಏನೋ ಒಂದು ಕಡಿಮೆಯಾಗಿದೆ. ಉಪ್ಪುಕಾಗದದ ಸದ್ದು.

ತಿರುಗಿ ನೋಡಿದಳು. ಮಾದೇಶ್ ಎದ್ದು ನಿಂತಿದ್ದ. ತೊಡೆಯಿಂದ ಪಾದದವರೆಗೆ ಮರದ ಪುಡಿ. ಕೈಯಲ್ಲಿದ್ದ ಪಲಗೆ ನಡುವೆ ತೆಳ್ಳಗಾಗಿ ಬೆಳಕು ಕಾಣುವ ಹಾಗಾಗಿತ್ತು.

"ಸುಳ್ಳು ಅನ್ನು," ಅಂದಳು ಅವಳು. "ಬಾಯ್ಬಿಟ್ಟು ಸುಳ್ಳು ಅಂತ ಒಂದ್ ಮಾತನ್ನು. ಬೆಳಿಗ್ಗೆಯಿಂದ ಒಂದ್ ಮಾತಾಡಿಲ್ಲ ನೀನು."

ರಸ್ತೆಯ ತಿರುವಿನಲ್ಲಿ ಜೀಪೊಂದು ಗೇರು ಬದಲಿಸಿತು.

"ಲಚ್ಚೀ," ಅಂದ ಮಾದೇಶ್. "ಅದನ್ನ ಯಾಕೆ ಉಡುಕಿದೆ? ಗಾಡಿ ತರಬೇಡ ಅಂತ ಎಷ್ಟ್ ಸಲ ಏಳ್ದೆ."

"ಮಾದೇಸಾ!"

"ತೆಗೆದಿದ್ದು ನಾನೇ." ಅವನು ಪಲಗೆಯನ್ನು ಮೆಲ್ಲಗೆ ನೆಲಕ್ಕಿಟ್ಟ. ಅವಳನ್ನು ನೋಡಲಿಲ್ಲ, ಶಿವಲಿಂಗಂನನ್ನೂ ನೋಡಲಿಲ್ಲ. ಚೆಲ್ಲಮ್ಮನನ್ನು ನೋಡಿದ. "ತೊಪ್ಪೂರಿಗೆ ಕರ್ಸ್ಕೊಂಡು, ನಂಗಿನ್ನು ಬದುಕಿದ್ದು ಸಾಕು, ತೆಗೆದು ಡಬ್ಬಿಗಾಕು, ಯಾರಿಗೂ ಏಳ್ಬೇಡ ಅಂತ ಕಿಟಕಿಯಿಂದ ಕೈ ಮುಗಿದಿದ್ದು ನಾರಪ್ಪಣ್ಣ."

ಚೆಲ್ಲಮ್ಮನ ಕೈಯಿಂದ ಪಿನ್ನು ಜಾರಿ ಸಿಮೆಂಟಿನ ಮೇಲೆ ಟಿಣ್ ಎಂದಿತು. ಉರುಳಿಕೊಂಡು ಬಂದು ಮುನಿಲಕ್ಷ್ಮಿಯ ಪಾದಕ್ಕೆ ತಾಗಿ ನಿಂತಿತು.

ಬಾಗಿಲಲ್ಲಿ ಬೂಟಿನ ಸದ್ದು. ಜಯಪ್ರಿಯಾ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ನಾಲ್ವರ ಮುಖವನ್ನೂ ಒಂದೊಂದಾಗಿ ನೋಡಿ, ಕೈ ಚಾಚಿದಳು.

"ಎಂಗಮ್ಮಾ ಅಂದ ಸಾಮಾನ್?"

ಆ ಸಾಮಾನು ಎಲ್ಲಿ, ಅಂತ. ಮುನಿಲಕ್ಷ್ಮಿ ಬಗ್ಗಲಿಲ್ಲ. ಪಾದವನ್ನು ಒಂದಿಷ್ಟು ಮುಂದಕ್ಕೆ ಸರಿಸಿ, ಪಿನ್ನಿನ ಮೇಲಿಟ್ಟಳು.